ಸತ್ತ ಗಾಡಿಯ ಸ್ಟೀರಿಂಗು

ಮಾರ್ಚ್ 4, ಸೋಮವಾರ

ಭಾವನ ಮೇಲೆ ಬಂದ ಸಿಟ್ಟನ್ನು ಅಕ್ಕನ ಹತ್ತಿರ ಹೇಳಿಕೊಳ್ಳಲು ಹೋದೆ. "ನನ್ನ ಗಂಡನ್ನ ಬೈಯೋಕೆ ನಾನೊಬ್ಬಳಿದೀನಿ, ಸಾಕು. ನನ್ನ ತಲೆ ತಿನ್ನೋ ಬದ್ಲು ಎಲ್ಲಾದ್ರೂ ಬರ್ಕೊಳೇ" ಅಂದಳು. ಬರೆದುಕೊಳ್ಳುತ್ತಿದ್ದೇನೆ. ಏಳನೇ ಕ್ಲಾಸಿಗೆ ಎರಡು ಸಲ ಸೇರಿ ಎರಡು ಸಲವೂ ಅರ್ಧಕ್ಕೆ ಬಿಟ್ಟವಳು ನಾನು. ಮೊದಲ ಸಲ ಅಮ್ಮ ಹಾಸಿಗೆ ಹಿಡಿದದ್ದಕ್ಕೆ, ಎರಡನೇ ಸಲ ಅಮ್ಮ ಏಳದೇ ಹೋದದ್ದಕ್ಕೆ. ಅಕ್ಷರ ಸೊಟ್ಟಗಿದ್ದರೆ ಇರಲಿ, ಓದುವವಳು ನಾನೇ ತಾನೇ.

ಭಾವನದು ರಿಕವರಿ ಗಾಡಿ, ಬೆನ್ನ ಮೇಲೆ ಕ್ರೇನು ಹೊತ್ತದ್ದು. ರಸ್ತೆಯಲ್ಲಿ ಕೆಟ್ಟು ನಿಂತ ಮಿಲಿಟರಿ ಗಾಡಿಗಳನ್ನು ಕಬ್ಬಿಣದ ಕಂಬಿಗೆ ಸಿಕ್ಕಿಸಿ ಡಿಪೋಗೆ ಎಳೆದು ತರುವುದು ಅವರ ಕೆಲಸ. ಹಿಂದಿನ ಸತ್ತ ಗಾಡಿಯಲ್ಲಿ ಒಬ್ಬರು ಕೂತು ಸ್ಟೀರಿಂಗು ತಿರುಗಿಸುತ್ತಿರಬೇಕು. ಆ ಒಬ್ಬರು ನಾನು. ಇವತ್ತು ಭಾವ ನನ್ನನ್ನು ತುಂಬಿದ ನೀರಿನ ಟ್ಯಾಂಕರಿನಲ್ಲಿ ಕೂರಿಸಿದರು. ಖಾಲಿ ಮಾಡಿ ಎಳೆಯೋಣ ಎಂದರೆ, "ಕುಡಿಯೋ ನೀರು ಕಣೇ, ಚೆಲ್ಲಕ್ಕಾಗುತ್ತಾ? ಹತ್ತು" ಅಂದರು. ಇಳಿಜಾರಿನುದ್ದಕ್ಕೂ ಹಿಂದಿನಿಂದ ನೀರು ಧಡಾರ್ ಧಡಾರ್ ಎಂದು ಗುದ್ದುತ್ತಿತ್ತು. ಕಂಬಿ ಮುರಿದರೆ? ಕೊಕ್ಕೆ ಕಳಚಿದರೆ? ಎದುರಿಗೆ ಬಸ್ಸು ಬಂದರೆ? ಬಂದಿಳಿದ ಕೂಡಲೇ, "ಇಷ್ಟು ಜೋರಾಗಾ ಇಳಿಸೋದು?" ಎಂದು ಕೂಗಾಡಿದೆ. ಭಾವ ನಕ್ಕರು. ದೊಡ್ಡ ಗಾಡಿ ಓಡಿಸುವ ಲೈಸೆನ್ಸನ್ನು ನನಗೆ ಹಟ ಹಿಡಿದು ಮಾಡಿಸಿಕೊಟ್ಟವರೂ ಇವರೇ. ಲೈಸೆನ್ಸು ಪೆಟ್ಟಿಗೆಯಲ್ಲಿದೆ, ಧೈರ್ಯ ಎಲ್ಲಿದೆಯೋ ಗೊತ್ತಿಲ್ಲ. ಡಿಪೋದಲ್ಲಿ ನನ್ನ ಹೆಸರೇ ಗಾಬರಿ.

ಇಷ್ಟು ಸಾಲದು ಎಂದು ಹೊಸ ಕ್ಯಾಪ್ಟನ್ ಬಂದರು. ಭಾವ ತಮ್ಮ ಟೋಪಿ ತೆಗೆದು ಟ್ಯಾಂಕರಿನ ಸ್ಟೀರಿಂಗಿಗೆ ಸಿಕ್ಕಿಸುತ್ತಿದ್ದರು.

"ಏನದು? ಗಾಡಿಗೆ ಚಳಿನಾ?"

"ಬ್ರೇಕ್ ಬಿಡಿಸಿದೀನಿ ಸಾರ್" ಅಂದರು ಭಾವ. ಅಷ್ಟೇ. ಮಾತಾಡಿದರೆ ಹಲ್ಲು ಸವೆಯುತ್ತದೆ ಇವರಿಗೆ. ಉಳಿದದ್ದನ್ನು ನಾನು ಹೇಳಬೇಕಾಯಿತು. ಇಂಜಿನ್ ಸತ್ತರೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಎಳೆಯಬೇಕೆಂದರೆ ಗಾಡಿಯಡಿ ತೂರಿ ಹಿಂದಿನ ಚಕ್ರಗಳ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ಬ್ರೇಕ್ ಬಿಡಿಸಬೇಕು. ಆಮೇಲೆ ಆ ಗಾಡಿಗೆ ಚಕ್ರದ ಕೆಳಗಿನ ಮರದ ದಿಮ್ಮಿಯೇ ದಿಕ್ಕು. ಬಿಡಿಸಿದವರು ತಮ್ಮ ಟೋಪಿಯನ್ನು ಸ್ಟೀರಿಂಗಿಗೆ ಹಾಕುತ್ತಾರೆ. ಬ್ರೇಕನ್ನು ಮತ್ತೆ ಹಿಡಿಸಿದ ಮೇಲೆಯೇ ಟೋಪಿ ತಲೆಗೆ. ಬರಿದಲೆಯವರನ್ನು ಪಹರೆಯವನು ಗೇಟಿನಿಂದ ಹೊರಗೆ ಬಿಡುವುದಿಲ್ಲ.

"ಬ್ರೇಕ್ ಇಲ್ಲ ಅಂತ ಒಂದು ಬೋರ್ಡ್ ತೂಗುಹಾಕಿದ್ರೆ ಆಗಲ್ವಾ?"

"ಬೋರ್ಡನ್ನ ಮರ್ತು ಮನೆಗೆ ಹೋಗ್ಬಿಡ್ಬೋದು ಸಾರ್. ಟೋಪಿ ಬಿಟ್ಟು ಹೋಗಕ್ಕಾಗಲ್ಲ" ಅಂದೆ.

ಕ್ಯಾಪ್ಟನ್ ನಕ್ಕರು. ಇವತ್ತು ನನ್ನನ್ನು ನೋಡಿ ನಗುವುದೇ ಎಲ್ಲರಿಗೂ ಕೆಲಸ.

ಮಾರ್ಚ್ 7, ಗುರುವಾರ

ನಾಳೆ ದೊಡ್ಡ ಸಾಹೇಬರು ಬರುತ್ತಾರಂತೆ. ಡಿಪೋಗೆ ಹುಚ್ಚು ಹಿಡಿದಿದೆ. ನಮ್ಮ ಗಾಡಿಗಳ ಮೂತಿಯೆಲ್ಲ ಒಂದೇ, ಬೆನ್ನು ಬೇರೆ ಬೇರೆ. ಒಂದರ ಮೇಲೆ ನೀರು, ಒಂದರ ಮೇಲೆ ಡೀಸೆಲ್ಲು, ಒಂದರ ಮೇಲೆ ಒಲೆ ಹಂಡೆಗಳಿರುವ ಅಡುಗೆಮನೆ, ಒಂದರ ಮೇಲೆ ಮಡಿಚಿಟ್ಟ ಸೇತುವೆ, ಒಂದರ ಮೇಲೆ ಆಸ್ಪತ್ರೆಯ ಹಾಸಿಗೆಗಳು. ಇಷ್ಟು ದಿನ ಯಾವುದು ಎಲ್ಲಿ ಬೇಕೋ ಅಲ್ಲಿ ನಿಂತಿರುತ್ತಿತ್ತು. ಈಗ ಜಾತಿವಾರು ಸಾಲು ಮಾಡಬೇಕಂತೆ. ಆಂಬುಲೆನ್ಸುಗಳು ಮೇಲಿನ ಸಾಲು, ಅಡುಗೆ ಗಾಡಿಗಳು ಕೆಳಗಿನ ಸಾಲು. ಟಯರಿಗೆಲ್ಲ ಬೂಟ್ ಪಾಲಿಶ್!

"ಹುಡುಗಿ ನೋಡೋಕೆ ಬರ್ತಾರೇನೋ ಗಾಡಿಗಳ್ನ" ಎಂದು ವೆಲ್ಡರಣ್ಣ ನಗಿಸಿದ. ಅಡುಗೆಯವನು ತನ್ನ ಹಂಡೆಗಳನ್ನು ಉಜ್ಜುತ್ತಾ, "ತಗೊಂಡ್ಹೋಗೋರು ಯಾರಾದ್ರೂ ಇದ್ರೆ ನನ್ನನ್ನೂ ಸೇರಿಸಿ ಕೊಟ್ಬಿಡಿ" ಅಂದ.

ಮೇಲಿನ ಸಾಲಿನಲ್ಲಿ ಒಂದು ಗಾಡಿಯಷ್ಟು ಜಾಗ ಖಾಲಿ ಉಳಿಯಿತು. ಕ್ಯಾಪ್ಟನ್ನಿಗೆ ಅದು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಶೆಡ್ಡಿನಲ್ಲಿ ಇಂಜಿನ್ ಸತ್ತು ಮಲಗಿದ್ದ ಆಂಬುಲೆನ್ಸನ್ನು ಎಳೆದು ತಂದು ನಿಲ್ಲಿಸಿ ಅಂದರು.

"ಅದು ಸ್ಟಾರ್ಟ್ ಆಗಲ್ಲ ಸಾರ್" ಅಂದರು ಭಾವ.

"ದೊಡ್ಡ ಸಾಹೇಬ್ರು ಸ್ಟಾರ್ಟ್ ಮಾಡಲ್ಲ. ನೋಡ್ತಾರೆ ಅಷ್ಟೆ."

ಸಂಜೆ ಎಳೆದೆವು. ಮೇಲಿನ ಸಾಲು ಇಳಿಜಾರಿನ ತಲೆಯ ಮೇಲಿದೆ, ಅದರ ನೇರ ಕೆಳಗೇ ಅಡುಗೆ ಗಾಡಿಗಳು. ದಿಮ್ಮಿ ಕೊಟ್ಟು, ಸ್ಟೀರಿಂಗಿಗೆ ಟೋಪಿ ಹಾಕಿ, ಭಾವ ಸ್ಪ್ಯಾನರ್ ಕೈಗೆ ತೆಗೆದುಕೊಂಡು, "ನೀನು ಹೊರಡು, ಬ್ರೇಕ್ ಹಿಡಿಸಿ ಬರ್ತೀನಿ" ಅಂದರು. ಬಂದೆ. ಊಟದ ಹೊತ್ತು ಮೀರಿತು, ಇನ್ನೂ ಬಂದಿಲ್ಲ. ಅಕ್ಕನಿಗೆ ಚಿಂತೆಯಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡುತ್ತಿದ್ದೇನೆ.

ಮಾರ್ಚ್ 8, ಶುಕ್ರವಾರ

ವೆಲ್ಡರಣ್ಣನ ಕಾಲು.

ಬರೆಯಲಾರೆ.

ಮಾರ್ಚ್ 9, ಶನಿವಾರ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಗುರುವಾರ ನಾನು ಈಚೆಗೆ ಬಂದ ಕೂಡಲೇ ಕ್ಯಾಪ್ಟನ್ ಭಾವನನ್ನು ಕರೆದರಂತೆ. ದೊಡ್ಡ ಸಾಹೇಬರು ಬರುವ ರಸ್ತೆಯಲ್ಲೇ ಡೀಸೆಲ್ ಟ್ಯಾಂಕರ್ ಒಂದು ಮೋರಿಗೆ ಜಾರಿತ್ತು. ಈಗಲೇ ಎತ್ತಿಸಿ, ಈಗಲೇ. ಬ್ರೇಕ್ ಹಿಡಿಸಿ ಹೋಗುತ್ತೇನೆ ಎಂದರೆ ಕೇಳಲಿಲ್ಲ. ಗೇಟಿನಲ್ಲಿ ಪಹರೆಯವನು, "ಟೋಪಿ ಎಲ್ಲಿ?" ಎಂದು ಭಾವನನ್ನು ತಡೆದನಂತೆ. ತಡೆದ! ಅವನು ಅವನ ಕೆಲಸ ಮಾಡಿದ. ಆಗ ಕ್ಯಾಪ್ಟನ್ ಫೋನಿನಲ್ಲೇ, "ಟೋಪಿ ಗೀಪಿ ಆಮೇಲೆ, ಬಿಡೋ ಅವನ್ನ" ಅಂದರಂತೆ. ಭಾವ ಹೋದರು. ದಿಮ್ಮಿ ಇದೆ, ಟೋಪಿ ಇದೆ, ಬಂದು ಹಿಡಿಸಿದರಾಯಿತು ಎಂದು ಹೋದರು. ಬೆಳಕು ಹರಿದರೂ ಆ ಟ್ಯಾಂಕರ್ ಮೋರಿಯಿಂದ ಮೇಲೆ ಬಂದಿರಲಿಲ್ಲ, ಭಾವ ಅಲ್ಲೇ ಇದ್ದರು.

ಬೆಳಿಗ್ಗೆ ನಾನು ಡಿಪೋಗೆ ಹೋದಾಗ ಗಾಡಿಗಳೆಲ್ಲ ಹೊಳೆಯುತ್ತಿದ್ದವು. ಕ್ಯಾಪ್ಟನ್ ಮೇಲಿನ ಸಾಲಿನಲ್ಲಿ ಓಡಾಡುತ್ತಿದ್ದರು. ನನ್ನನ್ನು ಕರೆದು, "ಆ ದಿಮ್ಮಿ ತೆಗಿ. ಸಾಲಲ್ಲಿ ಅದೊಂದೇ ಊರುಗೋಲು ಹಿಡ್ದಂಗೆ ಕಾಣ್ತಿದೆ" ಅಂದರು.

ನಾನು ಮೆಟ್ಟಿಲು ಹತ್ತಿ ಕ್ಯಾಬಿನ್ನಿನೊಳಗೆ ನೋಡಿದೆ. ನೋಡಿದೆ, ನೋಡಿದೆ, ಸಾವಿರ ಸಲ ಬರೆಯುತ್ತೇನೆ, ನೋಡಿದೆ. ಒಲೆ ಆರಿಸಿದೆನಾ ಎಂದು ದಾರಿಯಿಂದ ವಾಪಸ್ಸು ಬರುವವಳು ನಾನು, ನೋಡದೆ ಬಿಡುತ್ತೇನಾ? ಸ್ಟೀರಿಂಗು ಬರಿದಾಗಿತ್ತು. ಟೋಪಿ ಇಲ್ಲ. ಅಂದರೆ ಭಾವ ಬ್ರೇಕ್ ಹಿಡಿಸಿ ಟೋಪಿ ತೆಗೆದುಕೊಂಡು ಹೋಗಿದ್ದಾರೆ. ಬೇರೇನೂ ಅರ್ಥವಾಗಲು ಸಾಧ್ಯವೇ ಇಲ್ಲ. ನಮ್ಮ ಡಿಪೋದಲ್ಲಿ ಯಾರನ್ನು ಬೇಕಾದರೂ ಕೇಳಿ.

ದಿಮ್ಮಿ ಎಳೆದೆ.

ಮೊದಲು ಅದು ಅಲ್ಲಾಡಿದ್ದೇ ಗೊತ್ತಾಗಲಿಲ್ಲ. ಸತ್ತ ಗಾಡಿಗೆ ಸದ್ದಿರುವುದಿಲ್ಲ. ಕೆಳಗಿನ ಸಾಲಿನಲ್ಲಿ ವೆಲ್ಡರಣ್ಣ ಅಡುಗೆ ಗಾಡಿಯ ಸಡಿಲವಾದ ಮೆಟ್ಟಿಲಿಗೆ ಬೆಸುಗೆ ಹಾಕುತ್ತಿದ್ದ, ಮುಖಕ್ಕೆ ವೆಲ್ಡಿಂಗ್ ಮುಖವಾಡ. ನಾನು ಕೂಗಿದ್ದು ಅವನಿಗೆ ಕೇಳಿಸಿತು, ನೋಡಿದ, ಪಕ್ಕಕ್ಕೆ ಹಾರಿದ. ಒಂದು ಕಾಲು ಮಾತ್ರ ಹಾರಿತು, ಇನ್ನೊಂದು ಎರಡು ಗಾಡಿಗಳ ನಡುವೆ ಸಿಕ್ಕಿತು.

ದೊಡ್ಡ ಸಾಹೇಬರು ಬರಲೇ ಇಲ್ಲ. ಅವರ ಕಾರ್ಯಕ್ರಮ ಮುಂದೂಡಿದ್ದರಂತೆ.

ಭಾವನ ಟೋಪಿ ಒಂದು ಚೀಲದಲ್ಲಿ ಸಿಕ್ಕಿತು, ಖಾಲಿ ಬಾಟಲಿ, ಚಿಂದಿ ಬಟ್ಟೆಗಳ ಜೊತೆ. ಕ್ಯಾಬಿನ್ನುಗಳಲ್ಲಿ ಏನೂ ಇರಬಾರದು ಎಂದು ಕ್ಯಾಪ್ಟನ್ ಬೆಳಿಗ್ಗೆಯೇ ಎಲ್ಲವನ್ನೂ ತೆಗೆಸಿದ್ದರು. ತೆಗೆದು ತುಂಬಿದವನು ಯಾರೆಂದು ಅಡುಗೆಯವನು ಹೇಳಿದ. ವೆಲ್ಡರಣ್ಣ.

ಮಾರ್ಚ್ 12, ಮಂಗಳವಾರ

ಭಾವ ತಪ್ಪೊಪ್ಪಿಕೊಂಡು ಬಂದಿದ್ದಾರೆ! "ಬ್ರೇಕ್ ಹಿಡಿಸೋದು ಮರ್ತೆ" ಎಂದು ಕ್ಯಾಪ್ಟನ್ನಿಗೆ ಹೇಳಿದರಂತೆ. ಇನ್ನೇನು ಬೇಕು ಅವರಿಗೆ, ಹಾಲು ಕುಡಿದಷ್ಟು ಸಂತೋಷವಾಗಿರಬೇಕು. ಮುಂದಿನ ವಾರ ಹೊರಗಿನಿಂದ ಮೇಜರ್ ಬಂದು ವಿಚಾರಣೆ ಮಾಡುತ್ತಾರಂತೆ. ಭಾವ ಅಲ್ಲೂ ಇದನ್ನೇ ಹೇಳಿದರೆ ಕೆಲಸ ಹೋಯಿತು. ಕೆಲಸ ಹೋದರೆ ಈ ಕ್ವಾರ್ಟರ್ಸೂ ಹೋಯಿತು, ಅದು ರಿಕವರಿ ಡ್ರೈವರಿನದು.

"ಮರ್ತಿಲ್ಲ ನೀವು. ಮರೆಯೋಕೆ ಬಿಡ್ಲಿಲ್ಲ ಅವ್ರು. ಹೋಗು ಅಂದ್ರು, ಗೇಟಲ್ಲೂ ಬಿಡಿಸಿದ್ರು. ಟೋಪಿ ತೆಗೆಸಿದ್ರು. ದಿಮ್ಮಿ ತೆಗೆಸಿದ್ರು. ಹೇಳಿ ಇದನ್ನ!" ಅಂದೆ.

ಭಾವ ಅನ್ನ ಕಲಸುತ್ತಿದ್ದರು. "ಹೇಳಿದ್ರೆ, ಟೋಪಿ ತೆಗ್ದೋನು ಯಾರು ಅಂತಾರೆ. ವೆಲ್ಡರೇ ತೆಗ್ದ ಅಂದ್ರೆ ಅವನ ತಪ್ಪಿಗೇ ಅವನ ಕಾಲು ಹೋಯ್ತು ಅಂತ ಪರಿಹಾರ ಕೊಡಲ್ಲ. ದಿಮ್ಮಿ ಎಳೆದೋರು ಯಾರು ಅಂತಾರೆ. ಆಗ ನೀನು."

"ನಾನು ತಪ್ಪು ಮಾಡಿಲ್ಲ."

"ಗೊತ್ತು."

"ಮತ್ತೆ ನನ್ನ ಹೆಸರು ಹೇಳೋಕೆ ನಿಮಗೇನು?"

"ಉಪ್ಪಿನಕಾಯಿ ಕೊಡು" ಅಂದರು ಅಕ್ಕನಿಗೆ.

ಅಕ್ಕ ಬಾಟಲಿಯನ್ನು ಅವರ ಮುಂದೆ ಕುಕ್ಕಿದ ರಭಸಕ್ಕೆ ಮುಚ್ಚಳ ಉರುಳಿ ಹೋಯಿತು. "ನಿಮ್ದು ದೊಡ್ಡ ಮನಸ್ಸು. ಅದನ್ನ ಎಲ್ಲಿ ಹಾಸ್ಕೊಂಡು ಮಲಗೋದು, ಬೀದೀಲಾ?" ಅಂದಳು. ಭಾವ ಉಂಡು ಎದ್ದರು.

ಇವರ ಮೌನ ನೋಡಿದರೆ ಮೈ ಉರಿಯುತ್ತದೆ. ಹೊಡೆದಾಡುವ ಗಂಡಸಾದರೂ ವಾಸಿ.

ಮಾರ್ಚ್ 14, ಗುರುವಾರ

ಯಾರದೋ ಹೆಂಡತಿ ಮನೆ ನೋಡಲು ಬಂದಿದ್ದಳು. ಅವಳ ಗಂಡನನ್ನು ಭಾವನ ಜಾಗಕ್ಕೆ ಹಾಕುತ್ತಾರೆಂದು ಯಾರೋ ಹೇಳಿದ್ದಾರೆ. ಅಡುಗೆಮನೆ ಇಣುಕಿದಳು. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದಳು. "ಬಿಸಿಲು ಚೆನ್ನಾಗಿ ಬೀಳುತ್ತೆ ಅಲ್ವಾ" ಅಂದಳು. ಅಕ್ಕ ಅವಳಿಗೆ ಟೀ ಕೊಟ್ಟಳು. ಟೀ!

"ಬಿಸಿಲು ಬೀಳುತ್ತೆ, ಗೋಡೇನೂ ಬೀಳುತ್ತೆ" ಅಂದೆ. ಹೋದಳು.

ಕ್ಯಾಪ್ಟನ್ ಇವತ್ತು ನನ್ನ ಎದುರಿಗೇ ಬಂದರು. ನಾನು ದಾರಿ ಬಿಡಲಿಲ್ಲ. ಅವರೇ ಸುತ್ತಿಕೊಂಡು ಹೋದರು.

ಮಾರ್ಚ್ 16, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದೆಂದು ಭಾವ ಹೇಳಿದ್ದರು.

ವೆಲ್ಡರಣ್ಣನ ಹಾಸಿಗೆ ಕಿಟಕಿಯ ಹತ್ತಿರ. ಹೊದಿಕೆ ಒಂದು ಕಡೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ನಾನು ಅಲ್ಲಿಗೆ ನೋಡದಿರಲು ಒದ್ದಾಡುತ್ತಿದ್ದೆ.

"ನೋಡು ತಂಗಿ, ನೋಡು. ಎಲ್ರೂ ಸೀಲಿಂಗ್ ಫ್ಯಾನ್ ನೋಡ್ಕೊಂಡು ಮಾತಾಡ್ತಾರೆ. ಫ್ಯಾನಿಗೇನಾಗಿದೆ ಅಂತ ನಂಗೇ ಡೌಟು" ಅಂದ.

ನಾನು ಅತ್ತೆ. ದಿಮ್ಮಿ ಎಳೆದವಳು ನಾನೇ ಎಂದೆ. ಗೊತ್ತು ಅಂದ. ಸ್ಟೀರಿಂಗು ನೋಡಿದ್ದೆ ಎಂದೆ. ಅದೂ ಗೊತ್ತು, ನೀನು ನೋಡ್ದೆ ಇರ್ತೀಯಾ, ಅಂದ. ಆಮೇಲೆ, "ನಿಮ್ಮ ಭಾವ ಏನಂತಾನೆ? ಅವನ ಟೋಪಿ ತೆಗ್ದಿದ್ದಕ್ಕೆ ನನ್ನ ಮೇಲೆ ಸಿಟ್ಟಾ? ಒಂದಿನಾನೂ ಬಂದಿಲ್ಲ" ಅಂದ.

ಹೇಳಿಬಿಟ್ಟೆ. ಎಲ್ಲ.

ವೆಲ್ಡರಣ್ಣ ಎದ್ದು ಕೂತ ವೇಗಕ್ಕೆ ಕೈಯ ಸೂಜಿ ಕಿತ್ತು ಬಂತು. ಅಷ್ಟು ಕೋಪ ನಾನು ಅವನಲ್ಲಿ ನೋಡಿರಲಿಲ್ಲ. "ನನ್ನನ್ನ ಕೇಳ್ದೆ ನನ್ನ ಪರವಾಗಿ ಸುಳ್ಳು ಹೇಳೋಕೆ ಅವನ್ಯಾರು? ನಂಗೆ ಕಾಲು ಹೋಗಿದೆ, ನಾಲಿಗೆ ಹೋಗಿಲ್ಲ! 'ಅದೊಂದು ಇರ್ಲಿ ಸಾರ್, ಅದು ಬ್ರೇಕಿಲ್ಲದ ಗಾಡಿ' ಅಂದೆ ಕ್ಯಾಪ್ಟನ್‌ಗೆ. 'ಒಂದೂ ಇರ್ಬಾರ್ದು' ಅಂದ್ರು. ದಿಮ್ಮಿ ಇದ್ಯಲ್ಲ ಅಂತ ತೆಗ್ದೆ. ನಾನೇ ಹೇಳ್ತೀನಿ ಇದನ್ನ."

"ಪರಿಹಾರ ಕೊಡಲ್ಲ ಅಂದ್ರೆ?"

"ಕೊಡ್ದಿದ್ರೆ ಕೊಡ್ದಿರ್ಲಿ. ನಿನ್ನ ಭಾವನ ಮನೆ ಕೆಡವಿ ಬರೋ ದುಡ್ಡಲ್ಲಿ ನಾನು ಊಟ ಮಾಡ್ಲಾ? ಅವನು ದೊಡ್ಡವನಾಗ್ಬೇಕು ಅಂದ್ರೆ ನಾನು ಜನ್ಮಪೂರ್ತಿ ಅವನ ಕಾಲಿಗೆ ಬೀಳ್ತಿರ್ಬೇಕಾ? ಅದೂ ಒಂಟಿ ಕಾಲಲ್ಲಿ!"

ನರ್ಸಮ್ಮ ಓಡಿ ಬಂದು ನನ್ನನ್ನು ಹೊರಗೆ ದಬ್ಬಿದಳು. ಡಾಕ್ಟರು ಅವನನ್ನು ಹೊರಗೆ ಕಳಿಸುವುದಿಲ್ಲವಂತೆ. ವಿಚಾರಣೆಯವರು ಆಸ್ಪತ್ರೆಗೆ ಬರುವುದಿಲ್ಲವಂತೆ. ಗಾಯಾಳುವಿನ ಹೇಳಿಕೆ ಬೇಕಾಗಿಲ್ಲ, ಡ್ರೈವರ್ ಒಪ್ಪಿದ್ದಾನಲ್ಲ, ಎಂದು ಕ್ಯಾಪ್ಟನ್ ಹೇಳಿದ್ದಾರಂತೆ.

ಆಸ್ಪತ್ರೆಯ ಕಾವಲಿನವರಿಗೆ ದಿನಾ ಮಧ್ಯಾಹ್ನ ನಮ್ಮ ಅಡುಗೆ ಗಾಡಿಯೇ ಊಟ ತರುತ್ತದೆ. ಅಡುಗೆಯವನು ಗೇಟಿನ ಹತ್ತಿರ ಹಂಡೆ ಇಳಿಸುತ್ತಿದ್ದ. ಅವನ ಹತ್ತಿರ ಹೋಗಿ ಮಾತಾಡಿದೆ.

ಮಾರ್ಚ್ 19, ಮಂಗಳವಾರ

ಸಿಟ್ಟು ಆರುವ ಮುಂಚೆ ಎಲ್ಲವನ್ನೂ ಬರೆದುಬಿಡಬೇಕು.

ವಿಚಾರಣೆ ಡಿಪೋದ ಊಟದ ಹಾಲಿನಲ್ಲಿ. ಉದ್ದದ ಮೇಜಿನ ಹಿಂದೆ ಮೇಜರ್, ಅತ್ತ ಇತ್ತ ಇನ್ನಿಬ್ಬರು. ಕ್ಯಾಪ್ಟನ್ ಪಕ್ಕದ ಕುರ್ಚಿಯಲ್ಲಿ, ಬೂಟು ಹೊಳೆಯುತ್ತಿತ್ತು. ಭಾವ ನಿಂತಿದ್ದರು. ನನ್ನನ್ನು ಕರೆದಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

"ಬ್ರೇಕ್ ಹಿಡಿಸದೆ ಹೊರಗೆ ಹೋಗಿದ್ದು ಹೌದಾ?" ಅಂದರು ಮೇಜರ್.

"ಹೌದು ಸಾರ್."

"ಯಾಕೆ?"

"ಮರ್ತೆ."

"ಸುಳ್ಳು!" ಎಂದು ಯಾರೋ ಕಿರುಚಿದರು. ಎಲ್ಲರೂ ನನ್ನ ಕಡೆ ತಿರುಗಿದಾಗ ಕಿರುಚಿದವಳು ನಾನೇ ಎಂದು ಗೊತ್ತಾಯಿತು.

ಕ್ಯಾಪ್ಟನ್ ಎದ್ದರು. "ಹಂಗಾಮಿ ಕೆಲಸದವಳು ಸಾರ್. ಸ್ವಲ್ಪ ಗಾಬರಿ ಸ್ವಭಾವ. ಆಚೆ ಕಳಿಸ್ತೀನಿ."

"ನಾನು ದಿಮ್ಮಿ ಎಳೆದೋಳು. ಕೇಳಿ ನನ್ನ" ಅಂದೆ.

ಮೇಜರ್ ಕೈಯಾಡಿಸಿ ಒಳಗೆ ಕರೆದರು. ಹೇಳಿದೆ. ಕ್ರಮವಾಗಿ ಹೇಳಲಿಲ್ಲ, ಹಿಂದುಮುಂದಾಗಿ ಹೇಳಿದೆ, ಆದರೆ ಒಂದನ್ನೂ ಬಿಡಲಿಲ್ಲ. ಭಾವ ನೆಲ ನೋಡುತ್ತಿದ್ದರು. ಟೋಪಿಯ ವಿಷಯ ಬಂದಾಗ ಕ್ಯಾಪ್ಟನ್ ನಕ್ಕರು.

"ಟೋಪಿ ಹಾಕೋದು ಯಾವ ನಿಯಮದಲ್ಲೂ ಇಲ್ಲ ಸಾರ್. ಇವರಿವರೇ ಮಾಡ್ಕೊಂಡಿದ್ದು. ನನಗೆ ಅದರ ಅರ್ಥ ಹೇಗೆ ಗೊತ್ತಾಗ್ಬೇಕು?"

"ನಾನೇ ಹೇಳಿದ್ನಲ್ಲ ಸಾರ್! ನೀರಿನ ಟ್ಯಾಂಕರ್ ತಂದ ದಿನ. ಗಾಡಿಗೆ ಚಳಿನಾ ಅಂದ್ರಿ. ಇದೇ ಥರ ನಕ್ಕಿದ್ರಿ ಆಗ್ಲೂ."

ನಗು ನಿಂತಿತು. ಮೇಜರ್ ಕೇಳಿದರು, "ಟೋಪಿ ತೆಗೆದಿದ್ದು ಯಾರು?"

ನಾನು ಬಾಗಿಲ ಕಡೆ ನೋಡಿದೆ. ಹೇಳಬೇಕಾದವನು ಇನ್ನೂ ಬಂದಿರಲಿಲ್ಲ. ಅಡುಗೆಯವನು ಕೈಕೊಟ್ಟನೇ, ದಾರಿಯಲ್ಲಿ ತಡೆದರೇ, ಸೂಜಿಯ ಜಾಗದಲ್ಲಿ ರಕ್ತ ಬಂತೇ? ಅಷ್ಟರಲ್ಲಿ ಹೊರಗೆ ಹಂಡೆಗಳು ಗಡಗಡ ಎಂದವು. ಅಡುಗೆ ಗಾಡಿ ಹಾಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಹಿಂದಿನ ಪರದೆ ಸರಿಸಿದರೆ ಖಾಲಿ ಹಂಡೆಗಳ ನಡುವೆ, ಅಕ್ಕಿ ಮೂಟೆಗೆ ಒರಗಿ, ಆಸ್ಪತ್ರೆಯ ಅಂಗಿಯಲ್ಲಿ ವೆಲ್ಡರಣ್ಣ. ಅಡುಗೆಯವನು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದು ಮೇಜಿನ ಮುಂದೆ ಕುರ್ಚಿಯಲ್ಲಿ ಇಳಿಸಿದ.

"ಬಿಸಿ ಇದೆ ಸಾರ್, ಆರೋ ಮುಂಚೆ ಕೇಳ್ಬಿಡಿ" ಅಂದ.

"ಟೋಪಿ ತೆಗ್ದಿದ್ದು ನಾನು" ಅಂದ ವೆಲ್ಡರಣ್ಣ. "ಬೇಡ ಸಾರ್ ಅಂದೆ. ತೆಗಿ ಅಂದ್ರು. ತೆಗ್ದೆ." ಆಮೇಲೆ ಭಾವನ ಕಡೆ ತಿರುಗಿ, "ನೀನು ಸುಮ್ನಿರು. ನಿನ್ಹತ್ರ ಆಮೇಲೆ ಮಾತಾಡ್ತೀನಿ" ಅಂದ. 'ಮರ್ತೆ' ಅಂದ ಮೇಲೆ ಭಾವ ಒಂದು ಮಾತೂ ಆಡಿರಲಿಲ್ಲ.

ಮೇಜರ್ ಬೆರಳು ಮಡಿಚಿ ಎಣಿಸಿದರು. "ಅಂದ್ರೆ ಒಬ್ಬ ಬ್ರೇಕ್ ಹಿಡಿಸ್ಲಿಲ್ಲ, ಒಬ್ಬ ಟೋಪಿ ತೆಗ್ದ, ಒಬ್ಬಳು ದಿಮ್ಮಿ ಎಳೆದ್ಲು. ಮೂರು ಜನದ ತಪ್ಪು."

"ಮೂರು ಜನಕ್ಕೂ ಹೇಳ್ದೋರು ಒಬ್ಬರೇ ಸಾರ್" ಅಂದೆ. "ಅವರನ್ನ ಯಾಕೆ ಕೂರಿಸಿದೀರಿ? ನಾವೆಲ್ಲ ನಿಂತಿದೀವಿ, ಕಾಲಿಲ್ಲದೋನು ಈಗ ಕೂತ. ಅವರು ಬೆಳಿಗ್ಗೆಯಿಂದ ಕೂತಿದಾರೆ!"

ಮೇಜರ್ ಕ್ಯಾಪ್ಟನ್ ಕಡೆ ತಿರುಗಿದರು. ಕ್ಯಾಪ್ಟನ್ ಎದ್ದು ನಿಂತರು.

ಮಾರ್ಚ್ 20, ಬುಧವಾರ

ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೊದಲೂ ಆಡುತ್ತಿದ್ದದ್ದು ಅಷ್ಟರಲ್ಲೇ ಇತ್ತು, ಈಗ ತಟ್ಟೆಯನ್ನೂ ಅಕ್ಕನ ಕೈಯಲ್ಲಿ ಕೇಳಿಸುತ್ತಾರೆ. ಬಿಡಲಿ. ನಾನೂ ಅಕ್ಕನ ಕೈಯಲ್ಲೇ ಹೇಳಿಸುತ್ತೇನೆ. ಅಕ್ಕ, "ನಾನೇನು ಟೆಲಿಫೋನಾ?" ಎಂದು ಇಬ್ಬರಿಗೂ ಬೈದಳು.

ಮಾರ್ಚ್ 26, ಮಂಗಳವಾರ

ತೀರ್ಪು ಬಂತು.

ವೆಲ್ಡರಣ್ಣ ಮೇಲಿನವರ ಮಾತಿನಂತೆ ನಡೆದದ್ದರಿಂದ ಪರಿಹಾರ ಕೊಡುತ್ತಾರಂತೆ, ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸವೂ ಉಂಟಂತೆ. ನನಗೆ ಎಚ್ಚರಿಕೆ. ಯಾವುದಕ್ಕೆ ಎಚ್ಚರಿಕೆ? ನೋಡಿದ್ದಕ್ಕೋ, ಕೂಗಿದ್ದಕ್ಕೋ? ಕ್ಯಾಪ್ಟನ್ನಿಗೆ ವರ್ಗ. ಹೋಗುವುದು ಇದಕ್ಕಿಂತ ದೊಡ್ಡ ಡಿಪೋಗಂತೆ. ಅಲ್ಲಿಯ ಇಳಿಜಾರು ಎಷ್ಟಿದೆಯೋ!

ಭಾವನ ಕೆಲಸ ಉಳಿಯಿತು, ಆದರೆ ರಿಕವರಿ ಗಾಡಿಯಿಂದ ಇಳಿಸಿದರು. ಬ್ರೇಕ್ ಬಿಡಿಸಿದ ಗಾಡಿಯನ್ನು ಬಿಟ್ಟು ಹೋದದ್ದು ಹೋದದ್ದೇ, ಯಾರು ಕಳಿಸಿದರೂ ಸರಿ, ಅಂದರಂತೆ ಮೇಜರ್. ಭಾವ ಇನ್ನು ಬರೀ ಸಹಾಯಕ. ಮನೆ ಇರುವುದು ಡ್ರೈವರಿಗೆ, ಸಹಾಯಕನಿಗಲ್ಲ.

ಫೋರ್‌ಮನ್ ನನ್ನನ್ನು ಕರೆದ. "ಆ ಗಾಡೀನ ಈ ಡಿಪೋದಲ್ಲಿ ಇನ್ನೊಬ್ರು ಬಲ್ಲೋರು ಅಂದ್ರೆ ನೀನೇ. ಲೈಸೆನ್ಸ್ ಇದ್ಯಲ್ಲ, ಕಾಯಂ ಮಾಡಿಸ್ತೀನಿ. ಹತ್ತಮ್ಮ."

ಭಾವನ ಸೀಟಿಗೆ? ಕಿತ್ತುಕೊಂಡವಳು ಎಂದು ಜನ ಉಗಿಯುವುದಿಲ್ಲವೇ? ಆಗಲ್ಲ ಎಂದು ಬಂದೆ. ಮನೆಯಲ್ಲಿ ಹೇಳಿದೆ. ಅಕ್ಕ ಬಟ್ಟೆ ಮಡಿಚುತ್ತಿದ್ದವಳು ಹಾಗೇ ನಿಂತಳು. ಭಾವ ಒಳಗಿನಿಂದ ಎದ್ದು ಬಂದರು, ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀಲಿ ತೆಗೆದು ನನ್ನ ಮಡಿಲಿಗೆ ಎಸೆದರು.

"ಲೈಸೆನ್ಸ್ ಮಾಡಿಸಿದ್ದು ಪೆಟ್ಟಿಗೇಲಿ ಇಡೋಕಾ?" ಅಂದರು. ಇಷ್ಟು ದಿನಗಳಲ್ಲಿ ಮೊದಲ ಮಾತು. ಅದೂ ಬೈಗುಳ.

ಏಪ್ರಿಲ್ 2, ಮಂಗಳವಾರ

ಡೀಸೆಲ್ ಟ್ಯಾಂಕರ್ ಒಂದು ಘಾಟಿಯ ಮೇಲೆ ಕೆಟ್ಟು ನಿಂತಿತ್ತು. ತುಂಬಿದ್ದು. ಫೋರ್‌ಮನ್ ಹಿಂದೆ ಕೂರಲು ಜನ ಹುಡುಕಿದ. ನನ್ನ ಮೊದಲ ಎಳೆತ, ಮುಂದೆ ಘಾಟಿ, ಹಿಂದೆ ಡೀಸೆಲ್ಲು. ಒಬ್ಬನಿಗೆ ಬೆನ್ನು ನೋವು ಬಂತು, ಒಬ್ಬನಿಗೆ ಜ್ವರ ಬಂತು. ಹಲ್ಕಾಗಳು. ಭಾವ ಯಾರನ್ನೂ ಕೇಳದೆ ನನ್ನ ಪಕ್ಕದ ಸೀಟಿಗೆ ಹತ್ತಿ ಕೂತರು. ಹೋಗುವಾಗ ನಾವಿಬ್ಬರೂ ಮಾತಾಡಲಿಲ್ಲ.

ಮೇಲೆ ಹೋಗಿ ಕಂಬಿ ಸಿಕ್ಕಿಸಿದೆ. ಭಾವ ಬ್ರೇಕ್ ಬಿಡಿಸಿ ಟ್ಯಾಂಕರಿಗೆ ಹತ್ತಿದರು. ಘಾಟಿ ಇಳಿಯುವಾಗ ಡೀಸೆಲ್ಲು ಹಿಂದಿನಿಂದ ಗುದ್ದುತ್ತಿತ್ತು. ತಿರುವುಗಳಲ್ಲಿ ಕನ್ನಡಿಯಲ್ಲಿ ಭಾವನ ಮುಖ ಕಾಣುತ್ತಿತ್ತು. ಬಾಯಿ ತೆರೆದೇ ಇತ್ತು. ಏನು ಕೂಗುತ್ತಿದ್ದರೋ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ನನಗೆ ಬೇರೆ ಕೆಲಸವಿತ್ತು. ಎದುರಿನಿಂದ ಒಂದು ಬಸ್ಸು ಬಂತು, ಹಾರ್ನ್ ಮಾಡಿ ಅದನ್ನೇ ಹಿಂದೆ ಸರಿಸಿದೆ.

ಡಿಪೋದಲ್ಲಿ ನಿಲ್ಲಿಸಿ ದಿಮ್ಮಿ ಕೊಡುವಷ್ಟರಲ್ಲಿ ಭಾವ ಇಳಿದು ಬಂದರು. ಮೈಯೆಲ್ಲ ಬೆವರು.

"ಮೂರನೇ ಗೇರಲ್ಲಿ ಘಾಟಿ ಇಳಿಸ್ತಾರೇನೇ? ಗಂಟಲು ಹರ್ಕೊಂಡೆ ನಾನು!"

"ಎರಡರಲ್ಲೇ ಇಳಿಸಿದ್ದು."

"ಮೂರು!"

"ಎರಡು ಭಾವ. ಹಿಂದೆ ಕೂತ್ರೆ ಹಾಗನ್ಸುತ್ತೆ."

ಭಾವ ನನ್ನನ್ನೇ ನೋಡಿದರು. ಟೋಪಿಯನ್ನು ಟ್ಯಾಂಕರಿನ ಸ್ಟೀರಿಂಗಿಗೆ ಸಿಕ್ಕಿಸಿ, ಸ್ಪ್ಯಾನರ್ ತೆಗೆದುಕೊಂಡು ಬ್ರೇಕ್ ಹಿಡಿಸಲು ಗಾಡಿಯಡಿ ತೂರಿದರು. ಆಗಲೇ, ವರ್ಗವಾಗಿ ಹೋದವರ ಜಾಗಕ್ಕೆ ಬಂದ ಕ್ಯಾಪ್ಟನ್ನಿನ ಕಡೆಯವನೊಬ್ಬ ಓಡಿ ಬಂದ. ಗೇಟಿನಾಚೆ ಒಂದು ಲಾರಿ ನಿಂತುಬಿಟ್ಟಿದೆ, ಸಾಹೇಬರ ಜೀಪಿಗೆ ದಾರಿಯಿಲ್ಲ, ತಕ್ಷಣ ಬರಬೇಕಂತೆ.

"ಬರ್ತೀವಿ" ಅಂದೆ.

"ಈಗ್ಲೇ ಅಂದಿದಾರೆ."

"ಕೇಳಿಸ್ತು. ನಮ್ಮವರು ಕೆಳಗಿದಾರೆ. ಕೆಲಸ ಮುಗಿಸಿ ಎದ್ದು ಬರ್ಬೇಕು, ಟೋಪಿ ಹಾಕ್ಕೋಬೇಕು. ಆಮೇಲೆ ಬರ್ತೀವಿ. ಅಷ್ಟರತನಕ ಸಾಹೇಬ್ರು ಜೀಪಲ್ಲೇ ಕೂತಿರ್ಲಿ."

ಅವನು ಗೇಟಿನ ಕಡೆ ಓಡಿದ. ನಾನು ರಿಕವರಿ ಗಾಡಿಯ ಇಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಟ್ಯಾಂಕರಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತೆ. ಕೆಳಗೆ ಸ್ಪ್ಯಾನರಿನ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಭಾವ ಅವಸರವಿಲ್ಲದೆ ಮುಂದಿನ ಬೋಲ್ಟಿಗೆ ಹೋದರು.